ಮನೆಯಿಂದ ಮಣೂಕ ಶೆಡ್ಡಿಗೆ 400 ಮೀಟರ್: ನೆಟ್‌ವರ್ಕ್ ತಂತಿ ಎಳೆಯುವುದು ಹೇಗೆ?

ಪ್ರಶ್ನೆ: ನಮ್ಮದು ವಿಜಯಪುರ ಜಿಲ್ಲೆ ತಿಕೋಟಾ ತಾಲ್ಲೂಕು. ಊರಂಚಿನ ಮನೆಗೆ ಫೈಬರ್ ಇಂಟರ್ನೆಟ್ ಇದೆ. ಅಲ್ಲಿಂದ ದ್ರಾಕ್ಷಿ ಪಡದ ಆಚೆಗಿನ ಮಣೂಕ (ಒಣದ್ರಾಕ್ಷಿ) ಶೆಡ್ಡಿಗೆ ನೇರವಾಗಿ 380 ಮೀಟರ್, ಬದುವಿನಗುಂಟ ಹೋದರೆ 420 ಮೀಟರ್. ಶೆಡ್ಡಿನಲ್ಲಿ ನಾಲ್ಕು ಕ್ಯಾಮೆರಾ, ಒಂದು ಕಂಪ್ಯೂಟರ್, ವೈಫೈ ಬೇಕು. ಅಂಗಡಿಯವರ ಮಾತು ಕೇಳಿ ಎರಡು ಬಾಕ್ಸ್ ಕ್ಯಾಟ್ 6 ಕೇಬಲ್ ತಂದು, ನಡುವೆ ಜೋಡಿಸಿ, ದ್ರಾಕ್ಷಿ ಕಂಬಗಳಿಗೆ ಕಟ್ಟಿ ಎಳೆದೆವು. ಲೈಟೇ ಹತ್ತಲಿಲ್ಲ. ಅರ್ಧದಲ್ಲಿ ಒಂದು ನೆಟ್‌ವರ್ಕ್ ಸ್ವಿಚ್ (ತಂತಿಗಳನ್ನು ಕೂಡಿಸಿ ಸಂಕೇತವನ್ನು ಮುಂದಕ್ಕೆ ಕಳಿಸುವ ಪೆಟ್ಟಿಗೆ) ಇಟ್ಟ ಮೇಲೆ 10 ಎಂಬಿಪಿಎಸ್ ತೋರಿಸುತ್ತದೆ, ತಾಸಿಗೊಮ್ಮೆ ಕಡಿದುಹೋಗುತ್ತದೆ. ಹೊತ್ತು ಮುಳುಗಿದ ಮೇಲೆ ಶೆಡ್ಡಿನ ತುದಿಯ ಕ್ಯಾಮೆರಾ ಬಂದಾಗುತ್ತದೆ. ಒಬ್ಬರು ಕ್ಯಾಟ್ 8 ಹಾಕಿ ಎನ್ನುತ್ತಾರೆ, ಇನ್ನೊಬ್ಬರು ಬೂಸ್ಟರ್ ಹಾಕಿ ಎನ್ನುತ್ತಾರೆ. ಯಾವುದು ಸರಿ?

ಉತ್ತರ: ಎರಡೂ ಬೇಡ. ಈ ದೂರಕ್ಕೆ ಸಿಂಗಲ್ ಮೋಡ್ ಫೈಬರ್ (ಬೆಳಕು ಒಯ್ಯುವ ಗಾಜಿನ ಎಳೆಯ ಕೇಬಲ್) ಎಳೆಯಿರಿ, ಎರಡೂ ತುದಿಗೆ ಒಂದೊಂದು ಮೀಡಿಯಾ ಕನ್ವರ್ಟರ್ (ತಾಮ್ರದ ಸಂಕೇತವನ್ನು ಬೆಳಕಿಗೂ ಬೆಳಕನ್ನು ತಾಮ್ರದ ಸಂಕೇತಕ್ಕೂ ಬದಲಿಸುವ ಪೆಟ್ಟಿಗೆ) ಕೂಡಿಸಿ. ಉಪಕರಣದ ಭಾಗ ಅಷ್ಟೇ, ಅದು ಸುಲಭ. ನಿಮ್ಮ ಕೆಲಸ ಹತ್ತು ವರ್ಷ ಬಾಳುತ್ತದೋ ಎರಡೇ ಬೇಸಿಗೆಗೆ ಮುಗಿಯುತ್ತದೋ ಎಂಬುದನ್ನು ನಿರ್ಧರಿಸುವುದು ನಿಮ್ಮ ಎರೆ ಭೂಮಿಯೊಳಗಿನ ಪೈಪು. ಅದಕ್ಕೇ ಈ ಉತ್ತರದಲ್ಲಿ ಮಣ್ಣಿನ ಮಾತು ಹೆಚ್ಚಿದೆ.

ಮೊದಲು, ಈಗಿನ ತಂತಿ ಯಾಕೆ ಸೋತಿತು ಎಂಬುದನ್ನು ನೋಡೋಣ. ತಾಮ್ರದ ನೆಟ್‌ವರ್ಕ್ ಕೇಬಲ್ಲಿಗೆ 100 ಮೀಟರ್ ಮಿತಿ: 90 ಮೀಟರ್ ಗಟ್ಟಿ ತಂತಿ, ಎರಡೂ ತುದಿಯ ಮೆತ್ತನೆ ಪ್ಯಾಚ್ ಕೇಬಲ್ ಸೇರಿ ಇನ್ನು 10 ಮೀಟರ್. ಕ್ಯಾಟ್ 6 ತಂತಿಯಲ್ಲಿ 100 ಮೆಗಾಹರ್ಟ್ಸ್ ಸಂಕೇತ 100 ಮೀಟರ್ ದಾಟುವಷ್ಟರಲ್ಲಿ ಸುಮಾರು 20 ಡೆಸಿಬೆಲ್ ಕಳೆದುಕೊಳ್ಳುತ್ತದೆ. ಅಂದರೆ ಹೊರಟ ಶಕ್ತಿಯಲ್ಲಿ ನೂರಕ್ಕೆ ಒಂದು ಪಾಲು ಮಾತ್ರ ಉಳಿಯುತ್ತದೆ. 190 ಮೀಟರಿಗೆ ಆರು ಸಾವಿರದಲ್ಲಿ ಒಂದು ಪಾಲು, 380 ಮೀಟರಿಗೆ ನಾಲ್ಕು ಕೋಟಿಯಲ್ಲಿ ಒಂದು ಪಾಲು. ಲೈಟು ಹತ್ತದಿದ್ದುದಕ್ಕೆ ಇದೇ ಕಾರಣ. ಅರ್ಧಕ್ಕೆ ಸ್ವಿಚ್ ಇಟ್ಟಾಗ 10 ಎಂಬಿಪಿಎಸ್ ಬಂದದ್ದು, ಆ ವೇಗದ ಸಂಕೇತ ಕಡಿಮೆ ಆವರ್ತನದ್ದಾದ್ದರಿಂದ ಸ್ವಲ್ಪ ಹೆಚ್ಚು ದೂರ ತಾಳುತ್ತದೆ ಎಂದು. ಆದರೂ ಅದು ಅಂಚಿನಲ್ಲಿ ನಿಂತಿರುವ ಲಿಂಕ್. ಬಿಸಿಲು ಏರಿತು, ಬೋರಿನ ಮೋಟರ್ ಚಾಲೂ ಆಯಿತು ಎಂದರೆ ಬಿದ್ದುಬಿಡುತ್ತದೆ.

ಬಿಸಿಲಿನ ಮಾತು ನಮ್ಮ ಕಡೆ ಸಣ್ಣದಲ್ಲ. ತಾಮ್ರದ ಕೇಬಲ್ಲಿನ ನಷ್ಟ 20 ಡಿಗ್ರಿಯ ಮೇಲೆ ಪ್ರತಿ ಡಿಗ್ರಿಗೆ ಶೇ 0.4ರಷ್ಟು, 40 ದಾಟಿದ ಮೇಲೆ ಶೇ 0.6ರಷ್ಟು ಏರುತ್ತದೆ. ವಿಜಯಪುರದ ಏಪ್ರಿಲ್ ಬಿಸಿಲಿಗೆ ಒಡ್ಡಿದ ಕರಿ ಕೇಬಲ್ 55-60 ಡಿಗ್ರಿ ಕಾಯುವುದು ಸಾಮಾನ್ಯ. ಹಾಗಾಗಿ ಬಯಲಲ್ಲಿ ತಾಮ್ರ ಎಳೆಯಲೇಬೇಕಾದರೆ ಮಿತಿಯನ್ನು 80-85 ಮೀಟರ್ ಎಂದೇ ಲೆಕ್ಕ ಹಿಡಿಯಿರಿ.

ಕೇಬಲ್ಲಿನ ನಡುವೆ ಜೋಡಿಸಿದ್ದೀರಲ್ಲ, ಅದನ್ನೂ ನೋಡಬೇಕು. ಒಳಗಿನ ಎಂಟು ಎಳೆಗಳು ಎರಡೆರಡಾಗಿ ಹೆಣೆದಿರುವುದು ಚೆಂದಕ್ಕಲ್ಲ. ಒಂದು ಜೋಡಿಯ ಎರಡೂ ಎಳೆಗಳ ಮೇಲೆ ಹೊರಗಿನ ಗದ್ದಲ ಸಮನಾಗಿ ಬಿದ್ದರೆ ಆಚೆ ತುದಿಯಲ್ಲಿ ಅದು ತಾನೇ ಕಳೆದುಹೋಗುತ್ತದೆ. ಹೆಣಿಗೆ ಬಿಚ್ಚಿ, ಎಳೆಗೆ ಎಳೆ ಸುತ್ತಿ, ಇನ್ಸುಲೇಷನ್ ಟೇಪ್ ಹಚ್ಚಿದ ಜಾಗದಲ್ಲಿ ಆ ರಕ್ಷಣೆ ಇಲ್ಲವಾಗುತ್ತದೆ. ಒಂದು ಮಳೆಗೆ ಅಲ್ಲಿ ಹಸಿರು ಕಿಲುಬೂ ಹಿಡಿಯುತ್ತದೆ. ತುದಿಯ ಪ್ಲಗ್ಗಿನಲ್ಲೂ ಇಂಥದೇ ಒಂದು ತಪ್ಪು ನಡೆಯುತ್ತದೆ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ಹಸಿರು, ಬಿಳಿ-ನೀಲಿ, ನೀಲಿ, ಬಿಳಿ-ಕಂದು, ಕಂದು ಎಂದು ಬಣ್ಣಗಳನ್ನು ಸಾಲಾಗಿ ಇಡುವುದು. ಸರಿಯಾದ ಕ್ರಮ ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಮೂರನೇ ಮತ್ತು ಆರನೇ ಪಿನ್ನುಗಳು ಒಂದೇ ಹೆಣಿಗೆಯ ಜೋಡಿಯಾಗಿರಬೇಕು. ಸಾಲಾಗಿ ಇಟ್ಟರೆ ಸಾದಾ ಟೆಸ್ಟರಿನಲ್ಲಿ ಎಂಟೂ ದೀಪ ಹತ್ತುತ್ತವೆ. ಎರಡು ಮೀಟರ್ ತುಂಡಿನಲ್ಲಿ ಅದು ಕೆಲಸವನ್ನೂ ಮಾಡೀತು, 50 ಮೀಟರಿಗೆ ಕೈಕೊಡುತ್ತದೆ.

ಇನ್ನು ಸಂಜೆ ಬಂದಾಗುವ ಕ್ಯಾಮೆರಾ. ನಿಮ್ಮ ವಿವರಣೆ ನೋಡಿದರೆ 12 ವೋಲ್ಟ್ ಅಡಾಪ್ಟರಿನ ಕರೆಂಟನ್ನು ಆ ಕ್ಯಾಮೆರಾಕ್ಕೆ ಹೋಗುವ ನೆಟ್‌ವರ್ಕ್ ಕೇಬಲ್ಲಿನ ನೀಲಿ, ಕಂದು ಜೋಡಿಗಳಲ್ಲಿ ಕಳಿಸಿದಂತಿದೆ. ಹಗಲಲ್ಲಿ ಕ್ಯಾಮೆರಾ ಕಾಲು ಆಂಪಿಯರ್ ಎಳೆಯುತ್ತದೆ. ಕತ್ತಲಾದಾಗ ಇನ್‌ಫ್ರಾರೆಡ್ ದೀಪಗಳು ಹತ್ತಿ ಅದು ಅರ್ಧ ಆಂಪಿಯರ್ ಆಗುತ್ತದೆ. ಅಲ್ಯೂಮಿನಿಯಂ ಮೇಲೆ ತಾಮ್ರ ಲೇಪಿಸಿದ ಅಗ್ಗದ ಕೇಬಲ್ಲಿನಲ್ಲಿ, ಉದಾಹರಣೆಗೆ, 70 ಮೀಟರ್ ದೂರಕ್ಕೆ ಹೋಗಿಬರುವ ರೋಧ ಸುಮಾರು 9 ಓಮ್. ಹಗಲಲ್ಲಿ ಎರಡು ಚಿಲ್ಲರೆ ವೋಲ್ಟ್ ಇಳಿದು ಹತ್ತರ ಸಮೀಪ ಉಳಿಯುತ್ತದೆ, ಕ್ಯಾಮೆರಾ ಹೇಗೋ ನಡೆಯುತ್ತದೆ. ರಾತ್ರಿ ನಾಲ್ಕೂವರೆ ಇಳಿದು ಏಳೂವರೆಗೆ ಬರುತ್ತದೆ. ಕ್ಯಾಮೆರಾ ಆರಿ, ಮತ್ತೆ ಹತ್ತಿ, ದೀಪ ಹಚ್ಚಿದ ಕೂಡಲೇ ಮತ್ತೆ ಆರುತ್ತದೆ. ಕ್ಯಾಮೆರಾ ಕೆಟ್ಟಿಲ್ಲ. ಅಂಥ 12 ವೋಲ್ಟ್ ಜುಗಾಡ್ ಬಿಟ್ಟು ಶೆಡ್ಡಿನಲ್ಲಿ ಸರಿಯಾದ ಪಿಒಇ (ನೆಟ್‌ವರ್ಕ್ ಕೇಬಲ್ಲಿನಲ್ಲೇ ಕರೆಂಟನ್ನೂ ಕಳಿಸುವ) ಸ್ವಿಚ್ ಇಡಿ, ಪಿಒಇ ಕ್ಯಾಮೆರಾ ಹಾಕಿ. ಅದು 48 ವೋಲ್ಟಿನ ಆಸುಪಾಸಿನಲ್ಲಿ ಕಳಿಸುವುದರಿಂದ ಅಷ್ಟೇ ಕೆಲಸಕ್ಕೆ ಮೊದಲಿನ ಆಂಪಿಯರಿನ ಕಾಲುಭಾಗ ಸಾಕು, ಇಳಿತವೂ ಅಷ್ಟೇ ಕಡಿಮೆ.

ಕ್ಯಾಟ್ 8 ಯಾಕೆ ಬೇಡ? ಅದು ಡೇಟಾ ಸೆಂಟರಿನಲ್ಲಿ 30 ಮೀಟರ್ ಒಳಗೆ 40 ಗಿಗಾಬಿಟ್ ವೇಗಕ್ಕೆಂದು ಮಾಡಿದ ತಂತಿ. ದೂರ ಹೆಚ್ಚಿಸಲು ಮಾಡಿದ್ದಲ್ಲ. ಬೂಸ್ಟರ್ ಎನ್ನುವುದು ಇನ್ನೊಂದು ಸಣ್ಣ ಸ್ವಿಚ್ಚೇ. ನಿಮ್ಮ ದೂರಕ್ಕೆ ಅಂಥವು ನಾಲ್ಕು ಬೇಕು. ನಾಲ್ಕೂ ಪಡದ ನಡುವೆ ಬಿಸಿಲು, ಮಳೆ, ಔಷಧದ ಸಿಂಪರಣೆ ತಿನ್ನುತ್ತ ನಿಲ್ಲಬೇಕು, ಒಂದು ಸತ್ತರೂ ಮುಂದಿನದೆಲ್ಲ ಬಂದ್. ಕೆಲವು ಕ್ಯಾಮೆರಾ ಸ್ವಿಚ್ಚುಗಳ ಮೇಲೆ 250 ಮೀಟರ್ ಎಂದು ಬರೆದ ಗುಂಡಿ ಇರುತ್ತದೆ. ಅದು ವೇಗವನ್ನು 10 ಎಂಬಿಪಿಎಸ್‌ಗೆ ಇಳಿಸಿ ದೂರ ಪಡೆಯುತ್ತದೆ, ಒಂದೆರಡು ಕ್ಯಾಮೆರಾಕ್ಕೆ ನಡೆದೀತು. ಹಳೆಯ ಟೆಲಿಫೋನ್ ಜೋಡಿ ತಂತಿ ಮೊದಲೇ ಹೂತಿದ್ದವರು ವಿಡಿಎಸ್‌ಎಲ್ (ಟೆಲಿಫೋನ್ ತಂತಿಯ ಮೇಲೆ ಇಂಟರ್ನೆಟ್ ಕಳಿಸುವ) ಪೆಟ್ಟಿಗೆಗಳ ಜೋಡಿ ಹಾಕಿ ಅರ್ಧ ಕಿಲೋಮೀಟರ್ ದಾಟಿಸಬಹುದು. ಹೊಸದಾಗಿ ಅಗೆಯುವವರಿಗೆ ಅದರಲ್ಲಿ ಲಾಭವಿಲ್ಲ.

ತಾಮ್ರಕ್ಕೆ ಬೇಡ ಎನ್ನಲು ನನ್ನ ದೊಡ್ಡ ಕಾರಣ ಸಿಡಿಲು. ಏಪ್ರಿಲ್-ಮೇ ತಿಂಗಳಲ್ಲಿ ಗುಡುಗು ಸಹಿತ ಬರುವ ಮಳೆಗೆ 400 ಮೀಟರ್ ತಂತಿ ಬಯಲಲ್ಲಿ ಚಾಚಿ, ಅದೂ ದ್ರಾಕ್ಷಿಯ ಕಬ್ಬಿಣದ ತಂತಿಗಳ ಸಮಾಂತರವಾಗಿ ಕಟ್ಟಿ ಇಡುವುದೆಂದರೆ ಮನೆಯ ರೂಟರಿಗೂ ಟಿವಿಗೂ ಸಿಡಿಲಿನ ದಾರಿ ಮಾಡಿಕೊಟ್ಟಂತೆ. ಸಿಡಿಲು ನೇರವಾಗಿ ಬಡಿಯಬೇಕೆಂದಿಲ್ಲ. ಹತ್ತಿರದಲ್ಲಿ ನೆಲಕ್ಕೆ ಇಳಿದರೂ ಮನೆಯ ಅರ್ಥಿಂಗಿಗೂ ಶೆಡ್ಡಿನ ಅರ್ಥಿಂಗಿಗೂ ಆ ಕ್ಷಣ ಸಾವಿರಾರು ವೋಲ್ಟಿನ ವ್ಯತ್ಯಾಸ ಹುಟ್ಟುತ್ತದೆ, ನಡುವಿನ ತಾಮ್ರ ಅದನ್ನು ಉಪಕರಣಗಳೊಳಗೆ ಹರಿಸುತ್ತದೆ. ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯುವುದಿಲ್ಲ. ಜತೆಗೆ 420 ಮೀಟರ್ ಫೈಬರಿನಲ್ಲಿ ಬೆಳಕು ಕಳೆದುಕೊಳ್ಳುವುದು ನೂರಕ್ಕೆ ಮೂರು-ನಾಲ್ಕು ಪಾಲು ಮಾತ್ರ. ಮೇಲಿನ ನಾಲ್ಕು ಕೋಟಿಯ ಲೆಕ್ಕದ ಪಕ್ಕ ಇದನ್ನಿಟ್ಟು ನೋಡಿ.

ಏನೇನು ತರಬೇಕು? ಹೊರಾಂಗಣದ, ಜೆಲ್ ತುಂಬಿದ, 4 ಕೋರಿನ (ನಾಲ್ಕು ಗಾಜಿನ ಎಳೆಗಳ) ಸಿಂಗಲ್ ಮೋಡ್ ಕೇಬಲ್, 500 ಮೀಟರ್. ಮಲ್ಟಿಮೋಡ್ ಕೊಟ್ಟರೆ ಬೇಡ ಎನ್ನಿ. ಬೇಕಾದ್ದು ಒಂದೇ ಕೋರ್, ಆದರೂ ನಾಲ್ಕಿರಲಿ. ಖರ್ಚು ಬರುವುದು ಅಗೆತಕ್ಕೆ, ಎಳೆಗಲ್ಲ. ಒಂದು ಕೋರ್ ಕೆಟ್ಟರೆ ಇನ್ನೊಂದಕ್ಕೆ ಬದಲಿಸಿ ಐದು ನಿಮಿಷದಲ್ಲಿ ಮುಗಿಸಬಹುದು. 420ರ ಜಾಗಕ್ಕೆ 500 ಯಾಕೆಂದರೆ, ಎರಡೂ ತುದಿಯಲ್ಲಿ ಹತ್ತತ್ತು ಮೀಟರ್ ಸುರುಳಿ, ದಾರಿಯಲ್ಲಿ ಕಟ್ಟುವ ಪ್ರತಿ ಚೇಂಬರಿನಲ್ಲಿ (ಪೈಪಿನ ಬಾಯಿ ತೆರೆದು ನೋಡುವ ಸಣ್ಣ ಗುಂಡಿ) ಐದೈದು ಮೀಟರ್, ಪೈಪಿನ ಅಂಕುಡೊಂಕಿಗೆ ಒಂದಷ್ಟು ಬೇಕು. ಬಿಗಿಯಾಗಿ ಎಳೆದ ಕೇಬಲ್ಲಿಗೆ ಒಮ್ಮೆ ಜೆಸಿಬಿ ಬಡಿದರೆ ಜೋಡಿಸಲು ಒಂದು ಗೇಣೂ ಮಿಕ್ಕಿರುವುದಿಲ್ಲ.

ಮೀಡಿಯಾ ಕನ್ವರ್ಟರ್ ಒಂದು ಜೋಡಿ, ಒಂದೇ ಎಳೆಯಲ್ಲಿ ಎರಡೂ ಕಡೆ ಹೋಗುವಂಥದ್ದು, ಗಿಗಾಬಿಟ್, 20 ಕಿಲೋಮೀಟರ್ ವರ್ಗದ್ದು. ಪೆಟ್ಟಿಗೆಯ ಮೇಲೆ ಒಂದಕ್ಕೆ ಎ, ಇನ್ನೊಂದಕ್ಕೆ ಬಿ ಎಂದಿರಬೇಕು. ಒಂದು 1310 ನ್ಯಾನೋಮೀಟರಿನಲ್ಲಿ ಕಳಿಸಿ 1550ರಲ್ಲಿ ಕೇಳುತ್ತದೆ, ಇನ್ನೊಂದು ಅದಕ್ಕೆ ಉಲ್ಟಾ. ಎರಡು ಎ ತಂದರೆ ಎರಡೂ ಒಂದೇ ಧ್ವನಿಯಲ್ಲಿ ಮಾತಾಡುತ್ತವೆ, ಕೇಳುವವರಿಲ್ಲ. ಒಂದು ಕಡೆ 100 ಎಂಬಿಪಿಎಸ್‌ನದು, ಇನ್ನೊಂದು ಕಡೆ ಗಿಗಾಬಿಟ್‌ನದು ಹಾಕಿದರೂ ಫೈಬರ್ ಲಿಂಕ್ ಬರುವುದಿಲ್ಲ. 80 ಕಿಲೋಮೀಟರಿನದು ತಂದು ಅರ್ಧ ಕಿಲೋಮೀಟರಿಗೆ ಹಾಕಬೇಡಿ. ಬೆಳಕು ಹೆಚ್ಚಾಗಿ ಆಚೆಯ ಕಣ್ಣು ಕುಕ್ಕುತ್ತದೆ.

ಇಲ್ಲಿ ಬಹಳ ಜನ ಎಡವುವ ಒಂದು ಜಾಗವಿದೆ. ನಿಮ್ಮ ಮನೆಗೆ ಬಂದ ಇಂಟರ್ನೆಟ್ ಕಂಪನಿಯ ಫೈಬರಿನ ತುದಿ ಹಸಿರು ಬಣ್ಣದ್ದಿರುತ್ತದೆ, ಮೀಡಿಯಾ ಕನ್ವರ್ಟರಿನದು ನೀಲಿ. ಹಸಿರಿನ ಗಾಜಿನ ಮುಖವನ್ನು 8 ಡಿಗ್ರಿ ಓರೆಯಾಗಿ ಉಜ್ಜಿರುತ್ತಾರೆ, ನೀಲಿಯದು ನೇರ. ಎರಡೂ ಒಂದೇ ತೂತಿನಲ್ಲಿ ಕೂಡುತ್ತವೆ, ಟಕ್ ಎಂದು ಸದ್ದೂ ಬರುತ್ತದೆ. ಆದರೆ ಗಾಜಿಗೆ ಗಾಜು ತಾಗದೆ ನಡುವೆ ಗಾಳಿ ಉಳಿದು ಬೆಳಕು ಸೋರುತ್ತದೆ, ಮುಖವೂ ಗೀರುತ್ತದೆ. ನಿಮ್ಮ ಹೊಸ ಲೈನಿಗೆಲ್ಲ ನೀಲಿಯೇ ಇರಲಿ. ಕಂಪನಿಯ ಫೈಬರನ್ನು ಮುಟ್ಟಲೇಬೇಡಿ, ರೂಟರಿನ ಲ್ಯಾನ್ ಪೋರ್ಟಿನಿಂದ ಒಂದು ಪ್ಯಾಚ್ ಕೇಬಲ್ಲಿನಲ್ಲಿ ಹೊರಡಿ.

ಈಗ ಮಣ್ಣು. ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಾಯಿ ಬಿಡುತ್ತದೆ. ಕೈ ತೂರಿಸುವಷ್ಟು ಅಗಲದ ಬಿರುಕು ಮೊಳಕೈ ಮುಳುಗುವಷ್ಟು ಆಳಕ್ಕೆ ಇಳಿಯುವುದನ್ನು ನೀವು ಪ್ರತಿ ವರ್ಷ ನೋಡುತ್ತೀರಿ. ಕೇಬಲ್ಲನ್ನು ನೇರವಾಗಿ ಈ ಮಣ್ಣಲ್ಲಿ ಹೂತರೆ ಬಿರುಕಿನ ಎರಡೂ ದಂಡೆಗಳು ಅದನ್ನು ಬಿಗಿಯಾಗಿ ಹಿಡಿದು, ನಡುವೆ ಜಗ್ಗುತ್ತವೆ. ಹೊರಗಿನ ಸಿಪ್ಪೆ ಹಿಗ್ಗುತ್ತದೆ, ಗಾಜು ಹಿಗ್ಗುವುದಿಲ್ಲ. ಆರ್ಮರ್ಡ್ (ಉಕ್ಕಿನ ಕವಚದ) ಕೇಬಲ್ ಹಾಕಿದರೆ ಹೆಗ್ಗಣದ ಹಲ್ಲು ತಡೆಯಬಹುದು, ಈ ಜಗ್ಗಾಟ ಪೂರ್ತಿ ತಡೆಯುವುದಿಲ್ಲ. ಪೈಪಿನಲ್ಲಿ ಸಡಿಲವಾಗಿ ಮಲಗಿದ ಕೇಬಲ್ ಮಾತ್ರ ಪೈಪು ಅಲುಗಿದರೂ ಒಳಗೆ ಜಾರಿ ಉಳಿಯುತ್ತದೆ. ಆದ್ದರಿಂದ 32 ಮಿಲಿಮೀಟರಿನ ಎಚ್‌ಡಿಪಿಇ ಪೈಪು, ಸುರುಳಿಯಲ್ಲಿ ಬರುವಂಥದ್ದು, ಕಡ್ಡಾಯ. ಸುರುಳಿ ಉದ್ದವಿದ್ದಷ್ಟೂ ಜೋಡಣೆ ಕಡಿಮೆ. ಹನಿ ನೀರಾವರಿಯ ಹಳೆಯ ಪೈಪು ಮಿಕ್ಕಿದೆ ಎಂದು ಅದನ್ನೇ ಹಾಕಬೇಡಿ. ತೂತುಗಳಿಂದ ಮಣ್ಣು ಹರಿದು ಒಳಗೆ ಗಟ್ಟಿಯಾದರೆ ಮುಂದೆ ಕೇಬಲ್ ಬದಲಿಸಲು ಬರುವುದಿಲ್ಲ.

ಆಳ ಮೂರು ಅಡಿ. ರೋಟಾವೇಟರ್ ಅರ್ಧ ಅಡಿಯಲ್ಲೇ ಇರುತ್ತದೆ, ಪಲ್ಟಿ ನೇಗಿಲು ಒಂದರಿಂದ ಒಂದೂವರೆ ಅಡಿ ಇಳಿಯುತ್ತದೆ. ಬದುವಿನ ಬುಡದಗುಂಟ ಹೋಗಿ, ಹೊಲದ ನಡುವೆ ಅಡ್ಡ ಹಾಯಬೇಡಿ. ತಳಕ್ಕೆ ಒಂದು ಬೆರಳು ಮರಳು ಅಥವಾ ಜರಡಿ ಹಿಡಿದ ಗರಸು ಹಾಕಿ, ಪೈಪನ್ನು ನೇರ ಗೆರೆಯಲ್ಲಿ ಬಿಗಿಯದೆ ಹಾವಿನಂತೆ ಸ್ವಲ್ಪ ಡೊಂಕಾಗಿ ಮಲಗಿಸಿ, ಮೇಲೆ ಮತ್ತೆ ಮರಳು. ಪೈಪಿನಿಂದ ಒಂದು ಅಡಿ ಮೇಲೆ ಹಳದಿ ಎಚ್ಚರಿಕೆ ಟೇಪ್ ಹಾಸಿ, ಮುಂದೆ ಅಗೆಯುವವನಿಗೆ ಸನಿಕೆಗೆ ಮೊದಲು ಅದು ಸಿಗಲಿ. ಬಂಡಿ ದಾರಿ ದಾಟುವಲ್ಲಿ ಮೇಲೊಂದು ಜಿಐ ಪೈಪಿನ ತೊಡಿಗೆ ಇರಲಿ. ಮೋಟರಿನ ಕೇಬಲ್ ಅದೇ ಬದುವಿನಲ್ಲಿದ್ದರೆ ಫೈಬರಿಗೆ ಅದರಿಂದ ತೊಂದರೆಯಿಲ್ಲ, ರಿಪೇರಿ ಮಾಡುವವನ ಜೀವದ ಸಲುವಾಗಿ ಒಂದು ಅಡಿ ಅಂತರ ಬಿಡಿ. ಕೆಲಸದ ಹೊತ್ತನ್ನೂ ನೋಡಿಕೊಳ್ಳಿ. ಮಳೆಗಾಲದಲ್ಲಿ ಈ ಮಣ್ಣು ಸನಿಕೆಗೆ ಅಂಟುತ್ತದೆ, ಮೇ ತಿಂಗಳಲ್ಲಿ ಕಲ್ಲಾಗಿರುತ್ತದೆ. ಅಕ್ಟೋಬರ್ ಚಾಟ್ನಿ (ದ್ರಾಕ್ಷಿ ಬಳ್ಳಿ ಕತ್ತರಿಸುವ ಕೆಲಸ) ಮುಗಿದ ಮೇಲೆ, ಹಣ್ಣು ಕೀಳುವ ಮೊದಲು ನೆಲದಲ್ಲಿ ಹದ ಇರುವಾಗ ಅಗೆಸಿ. ದಾರಿ ಪಂಚಾಯಿತಿ ರಸ್ತೆಯನ್ನು ದಾಟುವುದಾದರೆ ಮೊದಲು ಅಲ್ಲಿಯ ಒಪ್ಪಿಗೆ ಪಡೆಯಿರಿ. ಹೆಸ್ಕಾಂ ಕಂಬಕ್ಕಂತೂ ಕಟ್ಟಬೇಡಿ.

ಪ್ರತಿ ತಿರುವಿನಲ್ಲಿ, ಮತ್ತು ನೇರ ದಾರಿಯಲ್ಲೂ 100-150 ಮೀಟರಿಗೊಂದು ಸಣ್ಣ ಚೇಂಬರ್ ಕಟ್ಟಿಸಿ. ಪೈಪಿನೊಳಗೆ ಮೊದಲೇ ನೈಲಾನ್ ಹಗ್ಗ ಹಾಯಿಸಿಡಿ. ಕೇಬಲ್ಲಿನ ಸಿಪ್ಪೆಗೆ ಗಂಟು ಹಾಕಿ ಎಳೆದರೆ ಸಿಪ್ಪೆ ಜಾರಿ ಗಾಜಿನ ಮೇಲೆ ಭಾರ ಬೀಳುತ್ತದೆ. ತುದಿ ಬಿಚ್ಚಿ, ಒಳಗಿನ ಹಳದಿ ನಾರು ಮತ್ತು ಗಟ್ಟಿ ಕಡ್ಡಿಯನ್ನು ಹಗ್ಗಕ್ಕೆ ಕಟ್ಟಿ, ಟೇಪ್ ಸುತ್ತಿ ಎಳೆಯಿರಿ. ಕೇಬಲ್ಲಿಗೆ ಸೋಪಿನ ನೀರು ಸವರಿ. ಚೇಂಬರಿನಿಂದ ಚೇಂಬರಿಗೆ ಎಳೆದು, ಹೊರಬಂದ ಕೇಬಲ್ಲನ್ನು ನೆಲದ ಮೇಲೆ ಎಂಟರ ಆಕಾರದಲ್ಲಿ ಹಾಸುತ್ತ ಹೋಗಿ. ದುಂಡಗೆ ಸುತ್ತಿದರೆ ತಿರುಚಿಕೊಳ್ಳುತ್ತದೆ. ಎಳೆಯುವಾಗ ತಿರುವಿನ ತ್ರಿಜ್ಯ ಕೇಬಲ್ ದಪ್ಪದ 20 ಪಟ್ಟಿಗಿಂತ ಕಡಿಮೆಯಾಗಬಾರದು, ಮಲಗಿಸಿದ ಮೇಲೆ 10 ಪಟ್ಟು ಸಾಕು. ಕೊನೆಗೆ ಪೈಪಿನ ಬಾಯಿಗಳನ್ನೆಲ್ಲ ಮುಚ್ಚಿ. ಇರುವೆ, ಇಲಿ, ಕೆಸರು ಮೂರೂ ಅಲ್ಲಿಂದಲೇ ಬರುತ್ತವೆ. ಮಣ್ಣು ಮುಚ್ಚುವ ಮೊದಲು ಫೋಟೋ ತೆಗೆದು, ಬಾಂದಿನ ಕಲ್ಲಿನಿಂದ ಎಷ್ಟು ಮೀಟರ್ ಎಂದು ಬರೆದಿಡಿ.

ಅಗೆಯಲು ಆಗುವುದೇ ಇಲ್ಲ ಎಂದಾದರೆ ತನ್ನದೇ ಆಧಾರ ತಂತಿಯುಳ್ಳ ಡ್ರಾಪ್ ಕೇಬಲ್ಲನ್ನು ಬದುವಿನ ಬೇರೆ ಕಂಬಗಳ ಮೇಲೆ, 40-50 ಮೀಟರಿಗೊಂದು ಕಂಬ ನಿಲ್ಲಿಸಿ ಎಳೆಯಬಹುದು. ದ್ರಾಕ್ಷಿಯ ಚಪ್ಪರದ ತಂತಿಗೆ ಮಾತ್ರ ಕಟ್ಟಬೇಡಿ. ಚಾಟ್ನಿಯ ಕತ್ತರಿಗೆ ಬಳ್ಳಿ ಯಾವುದು ಕೇಬಲ್ ಯಾವುದು ಎಂಬ ಭೇದವಿಲ್ಲ. ಆಧಾರ ತಂತಿ ಉಕ್ಕಿನದಾಗಿದ್ದರೆ ಗೋಡೆಯ ಹೊರಗೇ ಅದನ್ನು ಕಡಿದು ನಿಲ್ಲಿಸಿ, ಒಳಗೆ ಬರೀ ಗಾಜು ಬರಲಿ. ಆರ್ಮರ್ಡ್ ಕೇಬಲ್ಲಿನ ಕವಚಕ್ಕೂ ಇದೇ ಮಾತು, ಇಲ್ಲದಿದ್ದರೆ ಸಿಡಿಲಿನಿಂದ ಪಾರಾಗಲು ಫೈಬರ್ ಹಾಕಿದ ಉದ್ದೇಶವೇ ಕೆಡುತ್ತದೆ.

ತುದಿಗಳ ಕೆಲಸವನ್ನು ಸ್ಪ್ಲೈಸಿಂಗ್ ಮಷಿನ್ (ಗಾಜಿನ ಎಳೆಗಳನ್ನು ಬೆಸೆಯುವ ಯಂತ್ರ) ಇರುವವರಿಂದ ಮಾಡಿಸಿ. ಊರಿನ ಕೇಬಲ್ ಇಂಟರ್ನೆಟ್ ನಡೆಸುವವರ ಬಳಿ ಸಾಮಾನ್ಯವಾಗಿ ಇರುತ್ತದೆ. ಕೈಯಲ್ಲೇ ಒತ್ತಿ ಕೂಡಿಸುವ ಫಾಸ್ಟ್ ಕನೆಕ್ಟರ್ ಅಗ್ಗ, ಆದರೆ ಧೂಳಿಗೂ ಬಿಸಿಲಿಗೂ ವರ್ಷದಲ್ಲಿ ಸಡಿಲವಾಗುತ್ತದೆ. ನಾಲ್ಕು ಕೋರುಗಳಲ್ಲಿ ಎರಡಕ್ಕಾದರೂ ಎರಡೂ ತುದಿಯಲ್ಲಿ ನೀಲಿ ಪಿಗ್‌ಟೇಲ್ (ಒಂದು ತುದಿಗೆ ಕನೆಕ್ಟರ್ ಇರುವ ಫೈಬರ್ ತುಂಡು) ಬೆಸೆಯಿಸಿ, ಗೋಡೆಯ ಪೆಟ್ಟಿಗೆಯಲ್ಲಿ ಕೂಡಿಸಿ. ಬಂದವರ ಬಳಿ ಬೆಳಕಿನ ಶಕ್ತಿ ಅಳೆಯುವ ಪವರ್ ಮೀಟರ್ ಸಾಮಾನ್ಯವಾಗಿ ಇರುತ್ತದೆ, ಮನೆಯ ಕನ್ವರ್ಟರಿನ ಬಾಯಲ್ಲಿ ಎಷ್ಟು, ಶೆಡ್ಡಿನಲ್ಲಿ ಎಷ್ಟು ಎಂದು ಅಳೆಸಿ. ಕೇಬಲ್, ಎರಡು ಬೆಸುಗೆ, ಎರಡು ಕನೆಕ್ಟರ್ ಸೇರಿ ವ್ಯತ್ಯಾಸ ಒಂದೂವರೆ ಡೆಸಿಬೆಲ್ ಒಳಗಿರಬೇಕು. ಮೂರು ದಾಟಿದರೆ ಹಣ ಕೊಡುವ ಮೊದಲು ಮತ್ತೆ ಬೆಸೆಯಿಸಿ. ಆ ಅಂಕಿಯನ್ನು ಪೆಟ್ಟಿಗೆಯ ಮುಚ್ಚಳದ ಒಳಗೆ ಬರೆದಿಡಿ, ಮುಂದೆ ಲೈನ್ ಕುಂಟಿದಾಗ ತಪ್ಪು ಕೇಬಲ್ಲಿನದೋ ಉಪಕರಣದ್ದೋ ಎಂದು ಅದೇ ಹೇಳುತ್ತದೆ. ಕತ್ತರಿಸಿದ ಗಾಜಿನ ಚೂರುಗಳನ್ನು ಟೇಪಿಗೆ ಅಂಟಿಸಿ ಎಸೆಯಿರಿ, ಚರ್ಮಕ್ಕೆ ಹೊಕ್ಕರೆ ಕಾಣುವುದಿಲ್ಲ. ಫೈಬರಿನ ತುದಿಯನ್ನು ಕಣ್ಣಿಗೆ ಹಿಡಿದು ನೋಡಬೇಡಿ, ಆ ಬೆಳಕು ಕಾಣುವುದಿಲ್ಲ, ಆದರೆ ಇರುತ್ತದೆ.

ಎಲ್ಲ ಕೂಡಿಸಿ ಫೈಬರಿನ ದೀಪ ಹತ್ತದಿದ್ದರೆ ಈ ಕ್ರಮದಲ್ಲಿ ನೋಡಿ: ಒಂದು ಕಡೆ ಎ, ಒಂದು ಕಡೆ ಬಿ ಇದೆಯೇ, ಎರಡರ ವೇಗವೂ ಒಂದೇ ಇದೆಯೇ, ಹಸಿರು ತುದಿ ಎಲ್ಲಾದರೂ ನುಸುಳಿದೆಯೇ, ಎರಡೂ ಕಡೆ ಒಂದೇ ಬಣ್ಣದ ಕೋರ್ ಹಾಕಿದ್ದೀರೇ. ಕನ್ವರ್ಟರಿನ ಬೆನ್ನಲ್ಲಿ ಎಲ್‌ಎಫ್‌ಪಿ ಎಂಬ ಸಣ್ಣ ಸ್ವಿಚ್ ಇದ್ದರೆ ಪರೀಕ್ಷೆ ಮುಗಿಯುವ ತನಕ ಆಫ್ ಮಾಡಿ, ಅದು ಒಂದು ಬದಿಯ ದೋಷಕ್ಕೆ ಇನ್ನೊಂದು ಬದಿಯನ್ನೂ ಆರಿಸಿ ದಿಕ್ಕು ತಪ್ಪಿಸುತ್ತದೆ. ಇವೆಲ್ಲ ಸರಿಯಿದ್ದರೆ ತುದಿಗಳನ್ನು ಫೈಬರ್ ಒರೆಸುವ ಪೆನ್ನಿನಿಂದ ಒರೆಸಿ. ಕಣ್ಣಿಗೆ ಕಾಣದ ಒಂದು ಧೂಳಿನ ಕಣ ಸಾಕು, ಗಾಜಿನೊಳಗೆ ಬೆಳಕಿನ ದಾರಿ 9 ಮೈಕ್ರಾನ್ ಅಗಲ ಮಾತ್ರ.

ಶೆಡ್ಡಿನಲ್ಲಿ ಕನ್ವರ್ಟರ್, ಪಿಒಇ ಸ್ವಿಚ್ಚುಗಳನ್ನು ಗಂಧಕದ ಹೊಗೆ ಹಾಕುವ ಕೋಣೆಯಿಂದ ದೂರ, ಬೇರೆ ಗೋಡೆಗೆ, ಮುಚ್ಚಿದ ಪೆಟ್ಟಿಗೆಯಲ್ಲಿ ಇಡಿ. ಆ ಹೊಗೆ ತೇವದ ಜತೆ ಸೇರಿ ಪಿನ್ನುಗಳನ್ನು ತಿನ್ನುತ್ತದೆ. ಕನ್ವರ್ಟರ್, ಸ್ವಿಚ್, ನಾಲ್ಕು ಕ್ಯಾಮೆರಾ ಸೇರಿ 40 ವ್ಯಾಟ್ ಹಿಡಿಯಿರಿ. ಹತ್ತು ತಾಸು ಕರೆಂಟ್ ಹೋದರೂ ನಡೆಯಬೇಕೆಂದರೆ 400 ವ್ಯಾಟ್-ಅವರ್ ಬೇಕು. 12 ವೋಲ್ಟಿನ 100 ಆಂಪಿಯರ್-ಅವರ್ ಬ್ಯಾಟರಿಯಲ್ಲಿ 1200 ಇರುತ್ತದೆ, ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡದಿದ್ದರೂ ಸಾಕಾಗುತ್ತದೆ. ಮನೆಯ ರೂಟರ್, ಕನ್ವರ್ಟರಿಗೂ ಬ್ಯಾಟರಿ ಇರಬೇಕು, ಒಂದು ತುದಿ ಎಚ್ಚರವಿದ್ದು ಇನ್ನೊಂದು ಮಲಗಿದರೆ ಉಪಯೋಗವಿಲ್ಲ. ಶೆಡ್ಡಿನ ವೈಫೈಗೆ ಹಳೆಯ ರೂಟರ್ ಹಾಕುವುದಾದರೆ ಅದನ್ನು ಆಕ್ಸೆಸ್ ಪಾಯಿಂಟ್ ಮೋಡಿಗೆ (ಬರೀ ವೈಫೈ ಕೊಡುವ ಕೆಲಸಕ್ಕೆ) ಬದಲಿಸಿ. ಆ ಸೌಲಭ್ಯವಿಲ್ಲದಿದ್ದರೆ ಡಿಎಚ್‌ಸಿಪಿ (ಉಪಕರಣಗಳಿಗೆ ನೆಟ್‌ವರ್ಕ್ ವಿಳಾಸ ಹಂಚುವ ವ್ಯವಸ್ಥೆ) ಬಂದ್ ಮಾಡಿ, ಅದರ ವಿಳಾಸ ಮನೆಯ ರೂಟರಿನ ವಿಳಾಸಕ್ಕೆ ತಾಕದಂತೆ ಬದಲಿಸಿ, ಕೇಬಲ್ಲನ್ನು ವ್ಯಾನ್ ತೂತಿಗಲ್ಲ, ಲ್ಯಾನ್ ತೂತಿಗೆ ಹಾಕಿ. ಇಲ್ಲವಾದರೆ ಮನೆಯಲ್ಲಿ ಕೂತು ಮೊಬೈಲಿನಲ್ಲಿ ಕ್ಯಾಮೆರಾ ಹುಡುಕಿದರೆ ಸಿಗುವುದಿಲ್ಲ.

ಈಗ ಎಳೆದಿರುವ ಎರಡು ಬಾಕ್ಸ್ ಕ್ಯಾಟ್ 6 ಎಲ್ಲ ದಂಡವಾಗಬೇಕಿಲ್ಲ. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೂ ಕೆಂಪಗಿದ್ದರೆ ಶುದ್ಧ ತಾಮ್ರ. ಜೋಡಿಸಿದ ಜಾಗ, ಬಿಸಿಲಿಗೆ ಸೀಳಿದ ಜಾಗ ಕಡಿದು ಬಿಟ್ಟು, ಉಳಿದದ್ದನ್ನು ಶೆಡ್ಡಿನೊಳಗೆ ಸ್ವಿಚ್ಚಿನಿಂದ ಕ್ಯಾಮೆರಾಗಳಿಗೆ ಹಾಕಿಕೊಳ್ಳಿ. ಬೆಳ್ಳಗೆ ಹೊಳೆದು, ನಾಲ್ಕು ಸಲ ಬಾಗಿಸಿದರೆ ಮುರಿಯುವಂತಿದ್ದರೆ ಒಳಗೆ ಅಲ್ಯೂಮಿನಿಯಂ. ಅದನ್ನು ಪಿಒಇ ಕ್ಯಾಮೆರಾಕ್ಕೆ ಹಾಕಬೇಡಿ, ಕನ್ವರ್ಟರಿನ ಪಕ್ಕದ ಕಂಪ್ಯೂಟರಿಗೆ ಹತ್ತಿಪ್ಪತ್ತು ಮೀಟರ್ ಬಳಸಿ.